ಒಳಗ ದೇವರೇ ಇಲ್ಲ, ಚಪ್ಪಲ್ ಯಾಕ ಬಿಡಬೇಕ್ರಿ?

ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಹೊಸಬರು ಬಂದು ‘ಗುಡಿ ಎಲ್ಲದರಿ?’ ಎಂದು ಕೇಳಿದರೆ ಊರವರು ‘ಯಾವ ಗುಡಿ?’ ಎಂದು ತಿರುಗಿ ಕೇಳುತ್ತಾರೆ. ಕೇಳದೆ ಏನು ಮಾಡಿಯಾರು? ಊರೊಳಗೆ ಗುಡಿ, ಊರಾಚೆ ಗುಡಿ, ಜಾಲಿಕಂಟಿಯ ನಡುವೆ ಗುಡಿ, ಹೊಲದ ಬದುವಿಗೆ ಆತುಕೊಂಡು ಗುಡಿ. ಕೆಲವಕ್ಕೆ ಇಂದಿಗೂ ದೀಪ ಹಚ್ಚುವವರಿದ್ದಾರೆ. ಕೆಲವಕ್ಕೆ ಶಿಖರ ಹೋಗಿದೆ, ಕೆಲವಕ್ಕೆ ಛತ್ತೇ ಹೋಗಿದೆ. ಕಲೆಯ ಇತಿಹಾಸ ಬರೆದವರು ರಾಷ್ಟ್ರಕೂಟರ ಕಾಲದ ಕಟ್ಟಡಗಳನ್ನು ಪಟ್ಟಿ ಮಾಡುವಾಗ ಕುಕನೂರಿನ ನವಲಿಂಗ, ಸೊಗಲದ ಸೋಮೇಶ್ವರ, ಗದಗಿನ ತ್ರಿಕೂಟೇಶ್ವರ ಎಂದು ಊರಿಗೊಂದು ಗುಡಿಯ ಹೆಸರು ಹೇಳುತ್ತಾ ಬರುತ್ತಾರೆ. ಶಿರವಾಳದ ಸರದಿ ಬಂದಾಗ ಮಾತ್ರ ‘ಅನೇಕ ಗುಡಿಗಳು’ ಎಂದು ಬರೆದು ಮುಂದೆ ಹೋಗುತ್ತಾರೆ. ಹೆಸರು ಹಿಡಿದು ಹೇಳಲು ಹೊರಟರೆ ಪುಟ ಸಾಲದು.

ಇಷ್ಟೊಂದು ಗುಡಿ ಇಲ್ಲಿಗೇಕೆ ಬಂದವು ಎಂದು ಮಕ್ಕಳು ಕೇಳಿದರೆ ನಾನು ಮೊದಲು ನಕ್ಷೆ ಬಿಡಿಸುತ್ತಿದ್ದೆ. ಭೀಮೆಯ ಆಚೆಗೆ, ಅದರ ಉಪನದಿ ಕಾಗಿಣಾ ದಂಡೆಯ ಮೇಲೆ ಮಳಖೇಡ, ಅಂದರೆ ಮಾನ್ಯಖೇಟ. ರಾಷ್ಟ್ರಕೂಟರು ಆಳಿದ್ದು ಅಲ್ಲಿಂದ. 973ರಲ್ಲಿ ಅವರ ಆಳಿಕೆ ಮುಗಿದು ಕಲ್ಯಾಣದ ಚಾಲುಕ್ಯರು ಬಂದರು. ಇವತ್ತು ನಮ್ಮ ಯಾದಗಿರಿ ಜಿಲ್ಲೆಯನ್ನು ಮೂಲೆ ಎನ್ನುವವರಿದ್ದಾರೆ. ಆ ಎರಡು ಮನೆತನಗಳ ಕಾಲದಲ್ಲಿ ಇದು ಅರಮನೆಯ ಹಿತ್ತಲು. ರಾಜ, ರಾಣಿ, ದಂಡನಾಯಕ, ವ್ಯಾಪಾರಿ, ಎಲ್ಲರೂ ಗುಡಿ ಕಟ್ಟಿಸಿದರು, ಭೂಮಿ ಬಿಟ್ಟರು, ಬಿಟ್ಟದ್ದನ್ನು ಕಲ್ಲಿನಲ್ಲಿ ಬರೆಸಿದರು.

ನನ್ನ ಪರಿಚಯ ಇಷ್ಟು. ಹುಟ್ಟಿದ್ದು ಸುರಪುರದ ರಂಗಂಪೇಟೆಯಲ್ಲಿ, ನೇಕಾರರ ಮನೆಯಲ್ಲಿ. ಶಹಾಪುರ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ಪಾಠದಲ್ಲಿ ‘ನಮ್ಮ ಪರಂಪರೆಯನ್ನು ಗೌರವಿಸೋಣ’ ಎಂಬ ಸಾಲು ಬಂದಾಗಲೆಲ್ಲ ನನಗೆ ಸಂಕೋಚವಾಗುತ್ತಿತ್ತು. ಗೌರವಿಸೋಣ ಎಂದು ಬರೆದುಕೊಟ್ಟರೆ ಮಕ್ಕಳು ಉರು ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕ ತೆಗೆದುಕೊಳ್ಳುತ್ತಾರೆ, ಸಂಜೆ ಅದೇ ವೀರಗಲ್ಲಿನ ಮೇಲೆ ಕುಳಿತು ಶೇಂಗಾ ಸುಲಿಯುತ್ತಾರೆ. ಅದಕ್ಕೇ ಆರನೇ ತರಗತಿಯವರನ್ನು ಕಟ್ಟಿಕೊಂಡು ಶಿರವಾಳಕ್ಕೆ ಹೋಗುವ ರೂಢಿ ಮಾಡಿಕೊಂಡೆ.

ಛತ್ತಿಲ್ಲದ ಒಂದು ಗುಡಿಯ ಮುಂದೆ ಚಪ್ಪಲಿ ಬಿಡಲು ಹೇಳಿದೆ. ಒಬ್ಬ ಹುಡುಗ ಒಳಗೆ ಇಣುಕಿ ನೋಡಿ ಬಂದು ಕೇಳಿದ: ‘ಒಳಗ ದೇವರೇ ಇಲ್ಲ, ಚಪ್ಪಲ್ ಯಾಕ ಬಿಡಬೇಕ್ರಿ ಟೀಚರ್?’

ನಾನು ಬಾಯಿ ತೆರೆಯುವ ಮೊದಲೇ ಉತ್ತರಗಳು ಬಂದವು. ‘ಪಾಪ ಬರ್ತದ’ ಎಂದಳು ಒಬ್ಬಳು. ‘ಒಳಗ ಹಾವು ಇರ್ತಾವ, ಚಪ್ಪಲ್ ಹಾಕ್ಕೊಂಡೇ ಹೋಗಬೇಕು’ ಎಂದ ಇನ್ನೊಬ್ಬ. ಅವನ ಮಾತಿನಲ್ಲೂ ಹುರುಳಿತ್ತು. ‘ನಮ್ಮನ್ಯಾಗ ಕಲ್ಲಿಗಿ ಕೈ ಮುಗೀಬಾರ್ದು ಅಂತಾರ್ರಿ, ನಮಗ ಕೊರಳಾಗಿನ ಲಿಂಗ ಸಾಕು’ ಎಂದು ಮೂರನೆಯವಳು ಮೆಲ್ಲಗೆ ಹೇಳಿದಳು. ಒಂದೇ ಹೊಸ್ತಿಲ ಮುಂದೆ ಹಳ್ಳಿಯ ಮಕ್ಕಳ ಬಾಯಲ್ಲಿ ಇಷ್ಟು ಉತ್ತರ. ಯಾವುದನ್ನೂ ತಪ್ಪು ಎನ್ನುವಂತಿರಲಿಲ್ಲ, ಯಾವುದೂ ಆ ಹುಡುಗನಿಗೆ ಸಾಕಾಗಲೂ ಇಲ್ಲ.

‘ಪಾಪ ಬರ್ತದ’ ಎನ್ನುವ ದಾರಿಯನ್ನು ಹಿಂದಿನವರೂ ಹಿಡಿದು ನೋಡಿದ್ದರು. ದಾನಶಾಸನದ ಕೊನೆಗೆ ಬನ್ನಿ. ಭೂಮಿಯ ಎಲ್ಲೆ, ಎಣ್ಣೆಗೆ ಇಷ್ಟು, ಹೂವಿಗೆ ಇಷ್ಟು ಎಂಬ ಲೆಕ್ಕವೆಲ್ಲ ಮುಗಿದ ಮೇಲೆ ಶಾಪ ಶುರುವಾಗುತ್ತದೆ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವ ಗತಿ. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಓದಬೇಕಲ್ಲ! ಹಳಗನ್ನಡದ ಲಿಪಿ ಬಾರದವನನ್ನು ಶಾಪ ಹೆದರಿಸುವುದಾದರೂ ಹೇಗೆ? ನಮ್ಮ ಸೀಮೆಯಲ್ಲಿ ಎಷ್ಟೋ ಶಾಸನಗಳು ಬಟ್ಟೆ ಒಗೆಯುವ ಕಲ್ಲಾದವು, ಎಷ್ಟೋ ಮನೆಯ ಪಾಯಕ್ಕೆ ಹೋದವು. ಶಾಪ ಅದರಲ್ಲೇ ಇತ್ತು, ಮಗ್ಗುಲು ಮಲಗಿತ್ತು. ನಿಧಿಯ ಆಸೆಗೆ ನಂದಿಯನ್ನು ಮಗುಚಿ, ಲಿಂಗದ ಬುಡ ಅಗೆಯುವವರಿಗೆ ಹುಳುವಾಗಿ ಹುಟ್ಟುವ ಭಯವೂ ಇಲ್ಲ, ಪೊಲೀಸರ ಭಯವೂ ಇಲ್ಲ. ಹಳೆಯ ಸ್ಮಾರಕಗಳನ್ನು ಕಾಯಲು 1958ರ ಕೇಂದ್ರದ ಕಾಯ್ದೆ, 1961ರ ರಾಜ್ಯದ ಕಾಯ್ದೆ ಇವೆ. ನೀಲಿ ಬೋರ್ಡಿನ ಮೇಲೆ ಬರೆದ ಶಿಕ್ಷೆಯೂ ಒಂದು ಬಗೆಯ ಶಾಪವೇ. ಹೆದರಿಕೆಯಿಂದ ಉಳಿದ ಕಲ್ಲನ್ನು ನಾನಂತೂ ಹೆಚ್ಚು ಕಂಡಿಲ್ಲ.

ಹುಡುಗನ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮಕ್ಕಳನ್ನು ಭೀಮೆ ದಾಟಿಸಬೇಕಾಯಿತು. ಶಹಾಪುರ ತಾಲ್ಲೂಕಿನ ಆ ಕಡೆಯ ಅಂಚಿಗೆ ಭೀಮಾ ನದಿ. ನದಿಯಾಚೆ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಚಂದ್ರಲಾಂಬೆಯ ಊರು ಎಂದರೆ ನಮ್ಮ ಭಾಗದಲ್ಲಿ ಗೊತ್ತಿಲ್ಲದವರಿಲ್ಲ. ಮದುವೆಯಾದವರು, ಮಕ್ಕಳಾದವರು ಕುಲದೇವತೆಯ ದರ್ಶನಕ್ಕೆ ದೂರದಿಂದ ಬರುತ್ತಾರೆ. ಅಲ್ಲಿನ ಕಾಳಿಯ ಗುಡಿಯ ಛತ್ತು 1986ರಲ್ಲಿ ಕುಸಿಯಿತು. ಜೀರ್ಣೋದ್ಧಾರಕ್ಕೆಂದು ವಿಗ್ರಹವನ್ನು ಎತ್ತಿದಾಗ ಅದರ ಕೆಳಗಿದ್ದ ಪೀಠದ ಮೇಲೆ ಅಕ್ಷರಗಳು ಕಂಡವು. 1989ರಲ್ಲಿ ವಿದ್ವಾಂಸರು ಓದಿದಾಗ ತಿಳಿಯಿತು, ಅದು ಅಶೋಕನ ಶಾಸನ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಚಪ್ಪಡಿಯ ಎರಡೂ ಮುಖಕ್ಕೆ ಬರಹ. ಯಾವುದೋ ಕಾಲದಲ್ಲಿ ಯಾರೋ ವಿಗ್ರಹವನ್ನು ಕೂಡಿಸಲು ಅದರ ನಟ್ಟನಡುವೆ ಕುಣಿ ಕೊರೆದಿದ್ದರು. ಕೊರೆದ ಜಾಗದ ಅಕ್ಷರಗಳು ಹೋದವು, ಉಳಿದವು ದೇವಿಯ ಪಾದದ ಕೆಳಗೆ ಕತ್ತಲಲ್ಲಿ ಕುಳಿತು ನಮ್ಮ ಕಾಲಕ್ಕೆ ಬಂದವು.

ಆ ಕುಣಿಯ ಬಗ್ಗೆ ನಾನು ತರಗತಿಯಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದೆ. ಅದನ್ನು ಕೊರೆದವನು ದುಷ್ಟನಲ್ಲ. ಅವನಿಗೂ ಭಕ್ತಿ ಇತ್ತು. ತನ್ನ ದೇವಿಗೆ ಗಟ್ಟಿ ಪೀಠ ಬೇಕಿತ್ತು, ಕೈಗೆ ಚೆಂದದ ನುಣುಪಾದ ಕಲ್ಲು ಸಿಕ್ಕಿತು. ಅಕ್ಷರ ಓದಲು ಬಾರದೆ ಹೋಯಿತು, ಅಷ್ಟೆ. ‘ಅವನ ಮ್ಯಾಲ ಸಿಟ್ಟು ಮಾಡಬೇಕೇನ್ರಿ?’ ಎಂದು ಮಕ್ಕಳು ಕೇಳಿದರೆ ನಾನು ಬೇಡ ಎನ್ನುತ್ತಿದ್ದೆ. ಅವನು ಅದನ್ನು ಪೀಠ ಮಾಡದೆ ಬಿಟ್ಟಿದ್ದರೆ ಅದೂ ಯಾರದೋ ಮನೆಯ ಪಾಯಕ್ಕೆ ಹೋಗಿ ಪುಡಿಯಾಗುತ್ತಿತ್ತೋ ಏನೋ. ಕೆಡಿಸಿದ್ದೂ ಭಕ್ತಿ, ಉಳಿಸಿದ್ದೂ ಭಕ್ತಿ. ಇವತ್ತು ಹಳೆಯ ಗುಡಿಗೆ ಎನಾಮೆಲ್ ಬಣ್ಣ ಬಳಿಯುವವರನ್ನೂ, ಕೆತ್ತನೆಯ ಗೋಡೆಗೆ ಬಚ್ಚಲುಮನೆಯ ಟೈಲ್ಸ್ ಅಂಟಿಸುವವರನ್ನೂ ನೋಡಿದಾಗ ನನಗೆ ಸಿಟ್ಟಿಗಿಂತ ಮೊದಲು ಆ ಕುಣಿ ನೆನಪಾಗುತ್ತದೆ.

ಇನ್ನು ಆ ಕಲ್ಲು ಹೇಳುವುದೇನು ಎಂದು ನೋಡಿ. ಅದರ ಮೇಲಿರುವುದರಲ್ಲಿ ಅಶೋಕನ ಹನ್ನೆರಡನೆಯ ಶಾಸನವೂ ಒಂದು. ಎಲ್ಲ ಪಂಥದವರನ್ನೂ ಗೌರವಿಸಬೇಕು, ನಾಲಗೆಯ ಮೇಲೆ ಹಿಡಿತವಿರಬೇಕು, ತನ್ನ ಪಂಥವನ್ನು ಎತ್ತಿ ಹಿಡಿಯಲು ಬೇರೆಯವರದನ್ನು ಹಳಿಯುವವನು ಕೊನೆಗೆ ತನ್ನದಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಬೌದ್ಧ ದೊರೆಯ ಈ ಮಾತನ್ನು ಕಾಳಿ ತನ್ನ ಪಾದದ ಕೆಳಗೆ ಇಟ್ಟುಕೊಂಡು ಕಾಯ್ದಳು. ಕತೆ ಕಟ್ಟುವವರಿಗೂ ಇಷ್ಟು ಚೆನ್ನಾಗಿ ಕಟ್ಟಲು ಬರುತ್ತಿರಲಿಲ್ಲ.

ಅಶೋಕ ಇದನ್ನು ಬರೆಸಿದ ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ, ಒಂಬತ್ತನೆಯ ಶತಮಾನದಲ್ಲಿ, ಮಳಖೇಡದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಬಂಗಾರ ಎಂಬ ಅರ್ಥದ ಪದ್ಯವೊಂದು ಅದರಲ್ಲಿದೆ. ಸನ್ನತಿಯ ಕಲ್ಲನ್ನು ಆ ಕವಿ ನೋಡಿರಲಾರ. ಆದರೂ ಒಂದೇ ಸೀಮೆಯ ಮಣ್ಣಿನಲ್ಲಿ, ಎರಡು ಭಾಷೆಯಲ್ಲಿ, ಒಂದೇ ಮಾತನ್ನು ಎರಡು ಸಲ ಬರೆಯಲಾಯಿತು. ಶಿರವಾಳದ ಹಳೆಯ ಗುಡಿಗಳನ್ನು ಕಟ್ಟಿದ್ದು ಆ ಪದ್ಯ ಬರೆದ ಅರಸೊತ್ತಿಗೆಯ ಕಾಲದ ಜನ. ಇದನ್ನು ಗೊತ್ತುಮಾಡಿಕೊಂಡು ಆ ಗುಡಿಯ ಮುಂದೆ ನಿಲ್ಲುವುದಕ್ಕೂ ಗೊತ್ತಿಲ್ಲದೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ.

ಹುಡುಗನಿಗೆ ಉತ್ತರ ಸಿಕ್ಕಿದ್ದು ಸನ್ನತಿಯಲ್ಲಲ್ಲ, ಅದರ ಪಕ್ಕದ ಕನಗನಹಳ್ಳಿಯಲ್ಲಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ಸುಣ್ಣದ ಕಲ್ಲಿನ ಫಲಕಗಳ ದೊಡ್ಡ ಸ್ತೂಪವೊಂದು ಹೊರಬಂತು. ‘ರಾಯ ಅಸೋಕೋ’ ಎಂದು ಹೆಸರು ಬರೆದ ಅಶೋಕನ ಉಬ್ಬುಚಿತ್ರ ಇರುವುದು ಅಲ್ಲಿಯೇ. ರಾಣಿಯ ಜತೆ ನಿಂತಿದ್ದಾನೆ, ಹಿಂದೆ ಛತ್ರಿ ಚಾಮರ ಹಿಡಿದವರಿದ್ದಾರೆ. ದೊರೆಯನ್ನು ನೋಡಲು ಮಕ್ಕಳು ಮುಗಿಬಿದ್ದರು. ನಾನು ಬೇರೆಯದೊಂದು ಫಲಕದ ಮುಂದೆ ಅವರನ್ನು ಕೂಡಿಸಿದೆ. ನಡುವೆ ಒಂದು ಆಸನ. ಆಸನದ ಮೇಲೆ ಯಾರೂ ಇಲ್ಲ. ಕೆಳಗೆ ಎರಡು ಪಾದದ ಗುರುತು. ಸುತ್ತ ಗಂಡಸರು, ಹೆಂಗಸರು. ಒಬ್ಬರು ಕೈ ಜೋಡಿಸಿದ್ದಾರೆ, ಒಬ್ಬರು ಮೊಣಕಾಲೂರಿದ್ದಾರೆ, ಒಬ್ಬರ ಹಣೆ ನೆಲಕ್ಕೆ ತಾಗಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಆ ಶಿಲ್ಪಿಗಳು ಬುದ್ಧನ ರೂಪವನ್ನು ಕೆತ್ತುತ್ತಿರಲಿಲ್ಲ. ಪಾದ, ಚಕ್ರ, ಬೋಧಿವೃಕ್ಷ, ಖಾಲಿ ಆಸನ ಇವುಗಳಿಂದಲೇ ಅವನ ಇರವನ್ನು ಹೇಳುತ್ತಿದ್ದರು. ಬುದ್ಧನ ವಿಗ್ರಹಗಳು ಬಂದದ್ದು ಆಮೇಲೆ.

ಮಕ್ಕಳಿಗೆ ನಾನು ಇಷ್ಟನ್ನೇ ಕೇಳಿದೆ: ಇವರು ಯಾರಿಗೆ ಕೈ ಮುಗಿಯುತ್ತಿದ್ದಾರೆ? ಉತ್ತರ ತಡವಾಯಿತು. ಚಪ್ಪಲಿಯ ಹುಡುಗ ಆಸನವನ್ನೇ ನೋಡುತ್ತಿದ್ದ. ‘ಕುಂತು ಎದ್ದು ಹೋದವರಿಗಿ’ ಎಂದ. ನನ್ನ ಕೆಲಸ ಆಗಿತ್ತು; ವಿವರಣೆ ಕೊಟ್ಟು ಅದನ್ನು ಕೆಡಿಸುವುದು ಬೇಡವೆಂದು ಊಟದ ಬುತ್ತಿ ಬಿಚ್ಚಲು ಹೇಳಿದೆ.

ಮಕ್ಕಳಿಗೆ ಓದು ಕಲಿಸುವ ಕೆಲಸವೂ ಈ ಸೀಮೆಗೆ ಹಳೆಯದೇ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಬರೆಸಿದ 1058ರ ಶಾಸನದಲ್ಲಿ ವೇದ ಕಲಿಯುವ 200 ವಿದ್ಯಾರ್ಥಿಗಳ, ಶಾಸ್ತ್ರ ಕಲಿಯುವವರ, ಕಲಿಸುವವರ, ಜತೆಗೆ ಪುಸ್ತಕ ಕಾಯುವ 6 ಮಂದಿ ಸರಸ್ವತೀ ಭಂಡಾರಿಗರ ವ್ಯವಸ್ಥೆ ಇದೆ. ಪುಸ್ತಕ ಕಾಯಲು ಆರು ಜನ! ನಾನು ಕಲಿಸಿದ ಶಾಲೆಗಳಲ್ಲಿ ಪುಸ್ತಕದ ಕಪಾಟಿನ ಕೀಲಿಕೈ ಎಲ್ಲಿದೆ ಎಂಬುದೇ ಎಷ್ಟೋ ಸಲ ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೆ ಆ ಘಟಿಕೆಯ ಬಾಗಿಲು ನೇಕಾರರ ಮಕ್ಕಳಿಗೆ, ಬೇಡರ ಮಕ್ಕಳಿಗೆ, ಹೊಲೆಯ ಮಾದಿಗರ ಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಗುಡಿಯ ಹೊರಗೆ ನಿಲ್ಲಿಸಿದವರ ಮಕ್ಕಳಿಗೆ ‘ಗುಡಿಯನ್ನು ಗೌರವಿಸಿ’ ಎಂದು ಹೇಳುವಾಗ ಟೀಚರ್ ಆದವಳಿಗೆ ಈ ನೆನಪಿರದಿದ್ದರೆ ಮಕ್ಕಳಿಗಂತೂ ಇರುತ್ತದೆ. ಘಟಿಕೆಗೆ ಹೋಗದ ಮಕ್ಕಳು ಗೌರವ ಎಂದರೇನು ಎಂದು ಎಲ್ಲಿ ಕಲಿತರು? ಅದರ ಇತಿಹಾಸ ಶಾಸನದಲ್ಲಿಲ್ಲ, ಮನೆಯಲ್ಲಿ ಮತ್ತು ಬೀದಿಯಲ್ಲಿದೆ.

ನಮ್ಮ ಮನೆಯಲ್ಲಿ ಕುಣಿ ಮಗ್ಗವಿತ್ತು. ನಮ್ಮಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಅವರ ಎದೆ ನಮ್ಮ ಸೊಂಟದ ಎತ್ತರಕ್ಕೆ ಬರುತ್ತಿತ್ತು. ಲಾಳಿಯನ್ನು ಕಾಲಿನಿಂದ ಒದೆಯುವಂತಿರಲಿಲ್ಲ, ಹಾಸು ದಾಟುವಂತಿರಲಿಲ್ಲ. ಅಕಸ್ಮಾತ್ ನೂಲಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಬೆಳಗಿನ ಜಾವ ಹಾಸನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಆಗ ಓಣಿಯ ಮಕ್ಕಳೆಲ್ಲ ಎದ್ದು ಬರಬೇಕು. ಒಬ್ಬರು ಕುಂಚ ಕೊಡಬೇಕು, ಒಬ್ಬರು ಕಡಿದ ಎಳೆ ತೋರಿಸಬೇಕು, ಚಿಕ್ಕವರು ನಾಯಿ ಕೋಳಿ ನುಗ್ಗದಂತೆ ಕಾಯಬೇಕು. ಹಾಸು ಒಣಗುವ ತನಕ ಅದನ್ನು ಯಾರೂ ದಾಟುತ್ತಿರಲಿಲ್ಲ. ಎತ್ತಿನ ಗಾಡಿ ಬಂದರೆ ಗಾಡಿ ನಿಲ್ಲುತ್ತಿತ್ತು, ಗಾಡಿಯವ ಇಳಿದು ಬೀಡಿ ಹಚ್ಚುತ್ತಿದ್ದ. ಅದು ದೇವರೆಂದು ಯಾರೂ ನಮಗೆ ಹೇಳಲಿಲ್ಲ. ಹೊಟ್ಟೆಪಾಡು ಎಂದೂ ಹೇಳಲಿಲ್ಲ. ಕೆಲಸ ಹೇಳಿದರು, ಅಷ್ಟೆ. ಎಳೆ ಹಿಡಿದ ಕೈಗೆ ಅದು ತಾನಾಗಿ ತಿಳಿಯಿತು.

ಸುರಪುರದ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಬಸವಣ್ಣನವರಿಗಿಂತ ಹಿಂದಿನ ವಚನಕಾರ, ನೇಕಾರ. ಅವನ ಅಂಕಿತ ರಾಮನಾಥ. ಮುದನೂರಿನಲ್ಲಿ ರಾಮನಾಥನ ಗುಡಿ ಇಂದಿಗೂ ಇದೆ. ‘ಕಲ್ಲಿಗಿ ಕೈ ಮುಗೀಬಾರ್ದು’ ಎಂದ ಹುಡುಗಿಗೆ ನಾನು ಹೇಳಿದ್ದು ಈ ದಾಸಿಮಯ್ಯನ ಊರಿನ ಕತೆಯನ್ನೇ. ಸ್ಥಾವರಕ್ಕೆ ಅಳಿವುಂಟು ಎಂದು ಶರಣರು ತಿಳಿಸಿದ ನಾಡಿದು, ನಿನ್ನ ಮನೆಯವರು ಹೇಳುವುದು ಸರಿ, ಕೈ ಮುಗಿಯಬೇಡ. ಆದರೆ ಈ ಕಲ್ಲು ಕಡೆದವನೂ ಕಾಯಕ ಮಾಡಿದವನೇ. ಅವನ ಕಾಯಕವನ್ನು ತುಳಿಯದೆ ಒಳಗೆ ಬಾ. ಅವಳು ಚಪ್ಪಲಿ ಬಿಟ್ಟಳು, ಕೈ ಮುಗಿಯಲಿಲ್ಲ. ನನಗೆ ಅದು ಪೂರ್ತಿ ಒಪ್ಪಿಗೆಯಾಯಿತು.

ಬೀದಿಯ ಪಾಠ ಅಲಾಯಿ ಹಬ್ಬದ್ದು. ಮೊಹರಂ ಎಂದು ಕ್ಯಾಲೆಂಡರಿನಲ್ಲಿ ಬರೆದಿರುತ್ತದೆ. ನಮ್ಮ ಕಡೆ ಅಲಾಯಿ ಎಂದರೇ ತಿಳಿಯುವುದು. ನನ್ನ ತಮ್ಮನಿಗೆ ಜ್ವರ ಬಿಡದಿದ್ದಾಗ ನಮ್ಮ ಆಯಿ ಪೀರಲ ದೇವರಿಗೆ ಹರಕೆ ಹೊತ್ತಳು: ಹುಡುಗನನ್ನು ಫಕೀರ ಮಾಡುತ್ತೇನೆ ಎಂದು. ಜ್ವರ ಬಿಟ್ಟಿತು. ಹಬ್ಬ ಬಂದಾಗ ಅವನ ಕೊರಳಿಗೆ ಕೆಂಪು ಲಾಡಿ ಹಾಕಿಸಿದರು. ಅಲ್ಲಿಂದ ಹಬ್ಬ ಮುಗಿಯುವ ತನಕ ಅವನು ಬರಿಗಾಲಲ್ಲಿ ನಡೆಯಬೇಕು, ಬೈಗುಳ ಆಡಬಾರದು, ಮನೆ ಮನೆಗೆ ಹೋಗಿ ಭಿಕ್ಷೆ ಬೇಡಬೇಕು. ಬೇಡುವುದು ಅವನಿಗೆ ಭಾರಿ ನಾಚಿಕೆ. ನಾಲ್ಕು ಕೈಮಗ್ಗವಿದ್ದ ಮನೆಯ ಹುಡುಗ, ತಾನು ದಿನಾ ಆಟವಾಡುವ ಗೆಳೆಯನ ಮನೆಯ ಮುಂದೆ ಜೋಳಿಗೆ ಒಡ್ಡಿ ನಿಂತಿದ್ದಾನೆ. ಗೆಳೆಯನ ತಾಯಿ ಒಂದು ಹಿಡಿ ಜೋಳ ಹಾಕಿ, ತನಗಿಂತ ಮೂವತ್ತು ವರ್ಷ ಚಿಕ್ಕವನಿಗೆ ಕೈ ಮುಗಿದಳು. ಆ ಒಂದು ಗಳಿಗೆಯಲ್ಲಿ ಅವನ ಮುಖ ಬದಲಾದದ್ದನ್ನು ನಾನು ಹಿಂದೆ ನಿಂತು ನೋಡಿದ್ದೇನೆ.

ಕತಲ್ ರಾತ್ರಿ ಆಯಿ ನಮ್ಮನ್ನೆಲ್ಲ ಅಲಾಯಿ ಕುಣಿಯ ಬಳಿ ಕರೆದುಕೊಂಡು ಹೋಗಿ, 680ರಲ್ಲಿ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಸತ್ತ ಹುಸೇನರ ಕತೆ ಹೇಳುತ್ತಿದ್ದಳು. ಇಸವಿ ಅವಳಿಗೆ ಗೊತ್ತಿರಲಿಲ್ಲ, ಅದು ನಾನು ಆಮೇಲೆ ಓದಿ ಸೇರಿಸಿದ್ದು. ಅವಳ ಕತೆಯಲ್ಲಿ ಹಸೇನ್ ಹುಸೇನರು ನಮ್ಮೂರ ಪಕ್ಕದ ಊರಿನ ಹುಡುಗರಂತೆಯೇ ಇದ್ದರು. ಸಕ್ಕರೆ ಓದಿಸಿಕೊಂಡು ಬಂದು ನಮ್ಮ ಬಾಯಿಗೆ ಹಾಕುತ್ತಿದ್ದಳು. ಚೋಂಗೆ ನಮ್ಮ ಮನೆಯಲ್ಲೇ ಮಾಡುತ್ತಿದ್ದರು. ಆ ಆಯಿ ಶ್ರಾವಣ ಸೋಮವಾರ ಒಪ್ಪತ್ತು ಮಾಡುವವಳು. ಎರಡೂ ಹೇಗೆ ಎಂದು ಅವಳನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಪ್ರಶ್ನೆಯೇ ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರ, ಕೊಡೇಕಲ್ಲಿನಲ್ಲಿ ಬಸವಣ್ಣ ಎಂಬ ಇನ್ನೊಬ್ಬ ಸಂತ. ಎರಡೂ ಕಡೆ ಹಿಂದೂ ಮುಸ್ಲಿಂ ಆಚಾರಗಳು ಒಂದರೊಳಗೊಂದು ಬೆರೆತಿವೆ. ಆದರೆ ಮಕ್ಕಳಿಗೆ ತೋರಿಸಲು ನಾನು ಯಾವಾಗಲೂ ಆರಿಸುತ್ತಿದ್ದದ್ದು ಗೋಗಿ. ಶಹಾಪುರ ತಾಲ್ಲೂಕಿನದೇ ಊರು. ಅಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾ ಇದೆ. ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾ 1510ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ರಾಜಧಾನಿಯಲ್ಲಲ್ಲ, ಗೋಗಿಯಲ್ಲಿ. ಅವನ ಮಗ ಇಸ್ಮಾಯಿಲ್, ಮೊಮ್ಮಕ್ಕಳಾದ ಮಲ್ಲು ಮತ್ತು ಒಂದನೆಯ ಇಬ್ರಾಹಿಂ, ಇವರ ಗೋರಿಗಳೂ ಅಲ್ಲೇ. ನಾಲ್ಕು ಸುಲ್ತಾನರು ಒಬ್ಬ ಫಕೀರನ ಮಗ್ಗುಲಲ್ಲಿ ಮಲಗಿದ್ದಾರೆ. ಶಾಲೆಯ ಪ್ರವಾಸದ ಬಸ್ಸು ಗೋಳಗುಮ್ಮಟಕ್ಕೆ ಹೋಗುತ್ತದೆ, ಮಕ್ಕಳು ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬರುತ್ತಾರೆ. ಹೋಗಲಿ, ಚೆಂದದ ಕಟ್ಟಡ. ಆದರೆ ಆ ಮನೆತನದ ಮೂಲಪುರುಷ ತನಗೆ ಗುಮ್ಮಟ ಬೇಡ, ಗುರುವಿನ ನೆರಳು ಸಾಕು ಎಂದು ನಮ್ಮೂರಿನ ಪಕ್ಕದಲ್ಲೇ ಇದ್ದಾನೆ ಎಂಬುದನ್ನು ನೋಡದೆ ಬಂದ ಮಗು ಅರ್ಧ ಇತಿಹಾಸ ನೋಡಿತು ಎಂದೇ ನನ್ನ ಲೆಕ್ಕ.

ಗುಡಿಗಿಂತ, ಸ್ತೂಪಕ್ಕಿಂತ ಹಳೆಯದೂ ಇಲ್ಲಿ ಉಂಟು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲು ಹಿಡಿದು ಜೋಡಿಸಿದ್ದಾರೆ. ಬೃಹತ್ ಶಿಲಾಯುಗದ ಜನರ ಕೆಲಸ. ರಾಜನಕೋಳೂರಿನಲ್ಲಿ ಚಪ್ಪಡಿಯ ಕಲ್ಮನೆಗಳಿವೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1840, 50ರ ದಶಕಗಳಲ್ಲಿ ಇವುಗಳ ಬಗ್ಗೆ ಮೊದಲು ಬರೆದವನು. ಇವು ಮೋರ್ಯರೆಂಬ ಕುಳ್ಳರ ಮನೆಗಳು ಎಂದು ಜನ ಅವನಿಗೆ ಹೇಳಿದ್ದರು. ಸುರಪುರದ ಬಾಲಕ ಅರಸ ರಾಜಾ ವೆಂಕಟಪ್ಪ ನಾಯಕ ಈ ಟೇಲರನನ್ನು ‘ಅಪ್ಪಾ’ ಎನ್ನುತ್ತಿದ್ದ. 1858ರಲ್ಲಿ ಅದೇ ನಾಯಕ ಬ್ರಿಟಿಷರ ವಿರುದ್ಧ ದಂಗೆಯೆದ್ದ, ಸೆರೆಯಾದ, ಸತ್ತ. ಸಾಕಿದವನ ಮೇಲಿನ ಗೌರವ ಒಂದು, ತಲೆ ಬಾಗುವುದು ಇನ್ನೊಂದು ಎಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಮತ್ತೆ ಶಿರವಾಳಕ್ಕೆ ಬರುತ್ತೇನೆ. ಕನಗನಹಳ್ಳಿ ನೋಡಿದ ಮೇಲೆ ನಾನು ಅಲ್ಲಿ ಭಾಷಣ ನಿಲ್ಲಿಸಿದೆ. ಇಬ್ಬಿಬ್ಬರಿಗೆ ಒಂದೊಂದು ಕಲ್ಲು ಹಂಚಿದೆ. ಕಂಬ, ಬಾಗಿಲವಾಡ, ಮುಖ ಹೋದ ನಂದಿ, ನೆಲಕ್ಕೆ ಬಿದ್ದ ಶಿಖರದ ತುಂಡು, ಯಾವುದಾದರೂ ಸರಿ. ಅದರ ಮುಂದೆ ಕೂತು ಪೆನ್ಸಿಲ್ಲಿನಲ್ಲಿ ಬಿಡಿಸಬೇಕು. ಅಳತೆಗೆ ಗೇಣು ಸಾಕು. ಅಕ್ಷರವಿದ್ದರೆ ಸುಣ್ಣ, ಅರಿಷಿಣ, ಸೀಮೆಸುಣ್ಣ ಯಾವುದನ್ನೂ ತಿಕ್ಕಬಾರದು. ಇಳಿಹೊತ್ತಿನ ಬೆಳಕು ಪಕ್ಕದಿಂದ ಬೀಳುವಾಗ ನೋಡಿದರೆ ಅಕ್ಷರಗಳು ತಾವೇ ಏಳುತ್ತವೆ. ಅರ್ಧ ತಾಸು ಗಲಾಟೆ ಇತ್ತು. ಆಮೇಲೆ ಇರಲಿಲ್ಲ. ಬಡಿಗೇರ ಹುಡುಗನೊಬ್ಬ ಕಂಬವೊಂದರ ಸುತ್ತ ಬೆರಳಾಡಿಸಿ, ‘ಇದು ಉಳಿ ಕೆಲಸ ಅಲ್ರಿ, ತಿರುಗಣಿ ಮ್ಯಾಲ ಕಡ್ದಾರ’ ಎಂದ. ಚಾಲುಕ್ಯರ ಕಾಲದ ಕಂಬಗಳ ಬಗ್ಗೆ ವಿದ್ವಾಂಸರು ಹೇಳುವುದೂ ಅದನ್ನೇ. ಅವನು ಮನೆಯಲ್ಲಿ ಮಂಚದ ಕಾಲು ಕಡೆಯುವುದನ್ನು ನೋಡಿ ಬೆಳೆದವನು. ಅವತ್ತಿಡೀ ಆ ಕಂಬಕ್ಕೆ ಯಾರೂ ಒರಗದಂತೆ ಕಾವಲು ನಿಂತ. ಒರಗಿದವರಿಗೆ ಬೈದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ನೆರಳಿಗೆ ಬಂದು ಕೂತಿದ್ದ ಊರಿನ ಮುದುಕಿಯೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. ‘ಯಾಕವ್ವ, ಈ ಹಾಳ ಕಲ್ಲಾಗ ಏನ್ ಬರಿತಾವ ಕೂಸುಗಳು?’ ಎಂದು ಕೇಳಿದಳು. ಹೇಳಿದೆ. ‘ಬರೀಲಿ ಬಿಡು. ನಮ್ಮ ಹುಡುಗರಿಗೂ ಒಂದೀಟು ಹೇಳು, ಇದರಾಗೇ ಕೋಳಿ ಕೂಡಿಹಾಕ್ತಾವ’ ಎಂದಳು. ನಾನು ಹೊರಗಿನವಳು, ದಿನಾ ಆ ಕಲ್ಲುಗಳ ನಡುವೆ ಬದುಕುವವರಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಅವರಿಗೆ ಗುಡಿಯೆಂದರೆ ಮನೆ ರಿಪೇರಿಗೆ ಅಡ್ಡ ಬರುವ ಕಾನೂನೂ ಹೌದು. ಊರವರಿಗೆ ಒಳ್ಳೆಯ ರಸ್ತೆ, ಮನೆಗೆ ಬೇರೆ ಜಾಗ, ಗುಡಿ ಕಾಯುವ ಕೂಲಿ ಕೊಡದೆ ಬರೀ ಬೋರ್ಡು ನೆಟ್ಟರೆ ಗೌರವ ಹುಟ್ಟುವುದಿಲ್ಲ, ಕಿರಿಕಿರಿ ಹುಟ್ಟುತ್ತದೆ. ಮಕ್ಕಳಿಗೆ ಕಲಿಸಿ ಉದ್ಧಾರ ಮಾಡುತ್ತೇವೆ ಎನ್ನುವ ನಾವು ದೊಡ್ಡವರ ಪಾಲಿನ ಈ ಕೆಲಸವನ್ನು ಮರೆಯಬಾರದು.

ಈಗ ಶಹಾಪುರ, ಸುರಪುರ, ಯಾದಗಿರಿ ಕಡೆಯ ಶಿಕ್ಷಕರಿಗೆ ನನ್ನದೊಂದು ಕೋರಿಕೆ. ವರ್ಷಕ್ಕೊಮ್ಮೆ ಮಕ್ಕಳನ್ನು ಹಂಪಿಗೋ ಮೈಸೂರಿಗೋ ಕರೆದೊಯ್ಯುತ್ತೀರಿ, ಒಳ್ಳೆಯದು. ಅದಕ್ಕೆ ಮೊದಲು ಶಿರವಾಳಕ್ಕೆ ಒಂದು ದಿನ ಇಡಿ. ಬೇಸಿಗೆ ಬೇಡ, ಸುಗ್ಗಿ ಮುಗಿಯುವ ಮುಂಚಿನ ಚಳಿಗಾಲ ಸರಿ. ಕುಡಿಯುವ ನೀರು ಕಟ್ಟಿಕೊಳ್ಳಿ. ಮಕ್ಕಳನ್ನು ಬಿಡುವ ಮೊದಲು ದೊಡ್ಡವರೊಬ್ಬರು ಕೋಲು ಹಿಡಿದು ಕಂಟಿ ಬಡಿದು ಬನ್ನಿ, ಹಾವಿನ ಮಾತು ಸುಳ್ಳಲ್ಲ. ಎಲ್ಲ ಗುಡಿ ತೋರಿಸುವ ಹಟ ಬೇಡ, ಎರಡು ಸಾಕು. ಗೋಗಿಗೂ ಸನ್ನತಿಗೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಮೂರನ್ನೂ ಒಂದೇ ದಿನದಲ್ಲಿ ಮುಗಿಸಿದರೆ ಮಕ್ಕಳಿಗೆ ಬಸ್ಸು ಮಾತ್ರ ನೆನಪಿರುತ್ತದೆ.